ಕಾಕಾನ ಭಜನಾ ಪದಗಳನ್ನು ಬ್ಯಾಂಡ್‌ಕ್ಯಾಂಪ್‌ನಲ್ಲಿ ಮಾರಿದ ಎರಡು ವರ್ಷ

ನವಲಗುಂದದ ಹತ್ತಿರ ನಮ್ಮೂರು. ಅಲ್ಲಿ ನಮ್ಮ ಕಾಕಾ ಮತ್ತು ಅವರ ಮೇಳದವರು ಅಮಾವಾಸ್ಯೆಗೊಮ್ಮೆ ಮಠದಲ್ಲಿ ಬೆಳಗಿನ ಜಾವದವರೆಗೂ ಪದ ಹಾಡುತ್ತಾರೆ. ಐದು ಜನ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಒಂದು ಏಕತಾರಿ. ಮೂರು ವರ್ಷದ ಹಿಂದೆ ಒಂದು ರೆಕಾರ್ಡರ್, ಎರಡು ಮೈಕು ತಗೊಂಡು ಹೋಗಿ ಎಂಟು ಪದ ರೆಕಾರ್ಡ್ ಮಾಡಿಕೊಂಡು ಬಂದೆ.

ಮೊದಲು ಒಂದು ಡಿಸ್ಟ್ರಿಬ್ಯೂಟರ್ ಕಂಪನಿಯ ಮೂಲಕ ಹಾಡಿನ ಆ್ಯಪ್‌ಗಳಿಗೆಲ್ಲ ಹಾಕಿದ್ದೆ. ವರ್ಷಕ್ಕಿಷ್ಟು ಅಂತ ಶುಲ್ಕ. ಎರಡನೇ ವರ್ಷದ್ದು ಕಟ್ಟಲಿಲ್ಲ, ಎಂಟೂ ಪದ ಎಲ್ಲ ಕಡೆಯಿಂದ ಮಾಯವಾದವು. ಅಷ್ಟರಲ್ಲಿ ಸಾವಿರಕ್ಕಿಂತ ಜಾಸ್ತಿ ಸಲ ಯಾರೋ ಕೇಳಿದ್ದರು. ಕೈಗೆ ಬಂದಿದ್ದು ನೂರು ರೂಪಾಯಿಯೂ ಅಲ್ಲ. ಅದಕ್ಕಿಂತ ಬೇಜಾರಾಗಿದ್ದು, ಕೇಳಿದವರು ಯಾರು ಅಂತ ಗೊತ್ತಾಗದೇ ಹೋಗಿದ್ದು.

ಆಮೇಲೆ ಬ್ಯಾಂಡ್‌ಕ್ಯಾಂಪ್‌ಗೆ ಬಂದೆ. 2008ರಲ್ಲಿ ಶುರುವಾದ ಅಮೆರಿಕದ ಆನ್‌ಲೈನ್ ಹಾಡಿನ ಅಂಗಡಿ ಇದು. ಕಲಾವಿದರು ತಮ್ಮದೇ ಪುಟ ಮಾಡಿಕೊಂಡು ಹಾಡು, ಸಿಡಿ, ಕ್ಯಾಸೆಟ್, ಅಂಗಿ ಏನು ಬೇಕಾದರೂ ಮಾರಬಹುದು. ಪುಟ ತೆರೆಯೋದಕ್ಕೆ ದುಡ್ಡಿಲ್ಲ, ವರ್ಷದ ಶುಲ್ಕವೂ ಇಲ್ಲ. ಮಾರಾಟವಾದರೆ ಮಾತ್ರ ಪಾಲು ತಗೋತಾರೆ. ಡಿಜಿಟಲ್ ಹಾಡಿಗೆ ಶೇಕಡಾ 15, ಸಿಡಿ-ಕ್ಯಾಸೆಟ್ಟಿಗೆ 10. ನಮ್ಮ ಆಲ್ಬಂಗೆ 7 ಡಾಲರ್ ಇಟ್ಟಿದ್ದೇನೆ. ಅದರಲ್ಲಿ 1 ಡಾಲರ್ 5 ಸೆಂಟ್ ಅವರಿಗೆ. ಹಣ ತಲುಪಿಸುವವರ ಶುಲ್ಕವೂ ಹೋಗಿ 5 ಡಾಲರ್ ಚಿಲ್ಲರೆ ನಮಗೆ ಉಳಿಯುತ್ತದೆ.

ನನಗೆ ತುಂಬಾ ಹಿಡಿಸಿದ್ದು ಬೆಲೆ ಇಡುವ ರೀತಿ. ಕನಿಷ್ಠ ಇಷ್ಟು ಅಂತ ನಾವು ಹೇಳಬಹುದು, ಅದಕ್ಕಿಂತ ಜಾಸ್ತಿ ಕೊಡೋದು ಕೊಳ್ಳುವವರ ಮನಸ್ಸು. ನಮ್ಮ ಮೊದಲ ಗಿರಾಕಿ ಜರ್ಮನಿಯ ಒಬ್ಬ ಹೆಂಗಸು. 7 ಡಾಲರಿನ ಆಲ್ಬಂಗೆ 12 ಡಾಲರ್ ಕೊಟ್ಟಿದ್ದರು. ಹಣ ಕಟ್ಟುವಾಗಲೇ ಎರಡು ಸಾಲು ಬರೆಯೋದಕ್ಕೆ ಅಲ್ಲಿ ಜಾಗ ಇದೆ. ‘ಮೂರನೇ ಹಾಡಿನಲ್ಲಿ ಎಲ್ಲರೂ ಒಟ್ಟಿಗೆ ನಗುತ್ತೀರಲ್ಲ, ಅಲ್ಲಿ ಏನಾಯಿತು?’ ಅಂತ ಕೇಳಿದ್ದರು. ಅದನ್ನು ಕಾಕಾಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟು ಲಕ್ಷ್ಯ ಕೊಟ್ಟು ಕೇಳ್ಯಾಳೇನವಾ ಆಕಿ? ಬರಿ, ದಮ್ಮಡಿ ಹುಡುಗಾ ನಿದ್ದಿ ಹತ್ತಿ ತಾಳ ತಪ್ಪಿದ್ದ ಅಂತ ಬರಿ’ ಅಂದರು. ಬರೆದೆ. ಅವತ್ತಿನಿಂದ ಒಂದೊಂದು ಪದದ ಪೂರ್ತಿ ಸಾಹಿತ್ಯ, ಅರ್ಥ ಎರಡನ್ನೂ ಹಾಡಿನ ಕೆಳಗೇ ಹಾಕುತ್ತಿದ್ದೇನೆ. ಅದಕ್ಕೂ ಅಲ್ಲಿ ಬೇರೆ ಜಾಗ ಇದೆ.

ಧ್ವನಿಯ ವಿಷಯದಲ್ಲಿ ಇವರು ಕಟ್ಟುನಿಟ್ಟು. ನಾವು ಎಂಪಿ3 ಏರಿಸುವ ಹಾಗಿಲ್ಲ. ಧ್ವನಿಯ ಗುಣ ಕಳೆಯದ ವೇವ್, ಎಐಎಫ್‌ಎಫ್ ಇಲ್ಲಾ ಫ್ಲ್ಯಾಕ್ ಫೈಲೇ ಬೇಕು. ಕೊಂಡವರು ತಮಗೆ ಬೇಕಾದ ರೂಪದಲ್ಲಿ ಇಳಿಸಿಕೊಳ್ಳುತ್ತಾರೆ. ಹಳ್ಳಿಯ ನೆಟ್‌ನಲ್ಲಿ ಅಷ್ಟು ದೊಡ್ಡ ಫೈಲ್ ಏರಿಸೋದು ಕಷ್ಟವೇ. ನಾನು ಧಾರವಾಡಕ್ಕೆ ಬಂದು ಏರಿಸಿದೆ. ಆದರೆ ಹೆಡ್‌ಫೋನ್ ಹಾಕಿ ಕೇಳಿ ನೋಡಿ. ದಮ್ಮಡಿಯ ಗಲಗಲ, ಪದ ಮುಗಿದ ಮೇಲೆ ಏಕತಾರಿಯ ಉಳಿದ ನಾದ, ಮಠದ ಗೋಡೆಯಿಂದ ವಾಪಸ್ ಬರುವ ದನಿ, ಎಲ್ಲ ಹಾಗೇ ಇದೆ.

ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಟ್ಟಿದ್ದೇನೆ, ಏನೂ ತೊಂದರೆ ಆಗಲಿಲ್ಲ. ಆದರೆ ಹುಡುಕುವವರು ಜಾಸ್ತಿ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ ಅಲ್ವಾ, ಅದಕ್ಕೆ ವಿವರಣೆಯಲ್ಲಿ ಎರಡೂ ಹಾಕಿ. ಹಾಡು ಯಾವ ಬಗೆಯದು ಅಂತ ಹೇಳುವ ಟ್ಯಾಗ್ ಕೂಡ ಮರೆಯಬೇಡಿ. ಬೆಂಗಳೂರಿನ ಬೇವರ್ ಸೀ ಥರದ ಮೆಟಲ್ ಬ್ಯಾಂಡ್‌ಗಳು ಮೊದಲಿನಿಂದಲೂ ಇಲ್ಲಿವೆ. ನಮ್ಮ ಜನಪದದವರು ಮಾತ್ರ ಇನ್ನೂ ಕಮ್ಮಿ. ತುಂಬಾ ಜನ ಬರಬೇಕು ಅಂತ ನನಗೆ ಆಸೆ.

ದೊಡ್ಡ ತೊಡಕು ಒಂದಿದೆ. ನನ್ನ ಪುಟದ ಹಣ ಬರೋದು ಪೇಪಾಲ್ ಅನ್ನೋ ಆನ್‌ಲೈನ್ ಪಾವತಿ ಕಂಪನಿಯ ಮೂಲಕ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿದೆ. ಹೊರದೇಶದಿಂದ ಬಂದ ಹಣ ಸರಾಗವಾಗಿ ನನ್ನ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆದರೆ ಪಕ್ಕದ ಹುಬ್ಬಳ್ಳಿಯವರಿಗೆ ಮಾರೋದು ಹೇಗೆ?

ನಾನು ಕಂಡುಕೊಂಡ ದಾರಿ ಡೌನ್‌ಲೋಡ್ ಕೋಡ್. ಬ್ಯಾಂಡ್‌ಕ್ಯಾಂಪ್ ಕೊಡುವ ಕೋಡ್‌ಗಳನ್ನು ಸಣ್ಣ ಕಾರ್ಡಿನ ಮೇಲೆ ಅಚ್ಚು ಹಾಕಿಸಿದೆ. ಮುಂದೆ ಮೇಳದ ಫೋಟೋ, ಹಿಂದೆ ಕೋಡ್. ಜಾತ್ರೆಯಲ್ಲಿ 100 ರೂಪಾಯಿಗೆ ಒಂದು. ಮನೆಗೆ ಹೋಗಿ ಕೋಡ್ ಹಾಕಿದರೆ ಎಂಟೂ ಪದ ಇಳಿಯುತ್ತವೆ. ಕೈಗೆ ಒಂದು ವಸ್ತು ಸಿಗುತ್ತಲ್ಲ, ಜನ ಖುಷಿಯಿಂದ ತಗೋತಾರೆ. ಆನ್‌ಲೈನಲ್ಲಿ ಎರಡು ವರ್ಷಕ್ಕೆ 43 ಆಲ್ಬಂ ಹೋಗಿವೆ, ಎರಡು ಜಾತ್ರೆಯಲ್ಲಿ 90 ಕಾರ್ಡ್. ಬಂದಿದ್ದನ್ನು ಐದು ಪಾಲು ಮಾಡುತ್ತೇವೆ.

ಬ್ಯಾಂಡ್‌ಕ್ಯಾಂಪ್ ಫ್ರೈಡೇ ಬಗ್ಗೆ ಹೇಳಲೇಬೇಕು. ಕೊರೊನಾದಲ್ಲಿ ಕಾರ್ಯಕ್ರಮಗಳೆಲ್ಲ ನಿಂತಾಗ, 2020ರ ಮಾರ್ಚ್ 20ರಂದು ಮೊದಲ ಸಲ ಮಾಡಿದರು. ಆ ದಿನ ಅವರು ತಮ್ಮ ಪಾಲನ್ನು ಬಿಟ್ಟುಕೊಡುತ್ತಾರೆ. ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಸಮಯದ್ದು. ಹಾಗಾಗಿ ನಮಗೆ ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಕೊಳ್ಳಬೇಕು ಅಂದುಕೊಂಡಿದ್ದನ್ನು ನಾನೂ ಅವತ್ತಿಗೇ ಇಟ್ಟುಕೊಂಡಿರುತ್ತೇನೆ. ನೀವೂ ಹೊರದೇಶದ ಕಲಾವಿದರ ಹಾಡು ಕೊಳ್ಳುವುದಾದರೆ ಮೊದಲು ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರ ಆನ್ ಮಾಡಿಕೊಳ್ಳಿ.

ಒಂದು ಭಯವೂ ಇದೆ. ಈ ಅಂಗಡಿಯನ್ನು 2022ರಲ್ಲಿ ವಿಡಿಯೋ ಗೇಮ್ ಮಾಡುವ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಅನ್ನೋ ಸಂಗೀತದ ಲೈಸೆನ್ಸ್ ಕಂಪನಿಗೆ ಮಾರಿತು. ಆಗ ಸುಮಾರು ಅರ್ಧದಷ್ಟು ಕೆಲಸಗಾರರು ಕೆಲಸ ಕಳೆದುಕೊಂಡರು. ಅಂಗಡಿ ಮತ್ತೆ ಕೈ ಬದಲಾದರೆ ನಮ್ಮ ಪುಟದ ಗತಿ ಏನು? ಅದಕ್ಕೇ ಮೂಲ ಫೈಲುಗಳನ್ನು ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ನಮ್ಮ ಸುದ್ದಿ ಬೇಕು ಅಂದ ಗಿರಾಕಿಗಳ ಇಮೇಲ್ ಪಟ್ಟಿಯನ್ನು ಇವರು ನಮಗೇ ಕೊಡುತ್ತಾರೆ. ಅದನ್ನೂ ತಿಂಗಳಿಗೊಮ್ಮೆ ಇಳಿಸಿಕೊಳ್ಳುತ್ತೇನೆ.

ಬರುವ ಅಮಾವಾಸ್ಯೆಗೆ ಇನ್ನೂ ಆರು ಪದ ರೆಕಾರ್ಡ್ ಮಾಡುತ್ತಿದ್ದೇವೆ. ಏಕತಾರಿ ಹಿಡಿಯುವ ಅಜ್ಜನಿಗೆ 82 ವರ್ಷ. ಅವರ ಪದ ಮೊದಲು.