ಹೆಸರಿನ ಆ್ಯಪ್: ಪಟ್ಟಿಗೆ ಪಾಸು, ಅರ್ಥಕ್ಕೆ ನಪಾಸು

ಬೆಳಗಾವಿ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ಈಗ ಪಂಚಾಂಗದ ಜೊತೆ ಫೋನನ್ನೂ ತೆಗೆಯುತ್ತಾರೆ. ಬೇರೆ ಧರ್ಮದ, ಬೇರೆ ದೇಶದ ಹೆಸರು ಬೇಕೆನ್ನುವವರಿಗಂತೂ ಪುಕ್ಕಟೆ ಆ್ಯಪ್‌ಗಳೇ ಆಧಾರ. ಹೆಸರು ಕಲೆಹಾಕಲು ಅವು ಅನುಕೂಲ, ಒಪ್ಪೋಣ. ಆರಿಸಲು ಮಾತ್ರ ಅವನ್ನು ನೆಚ್ಚಬಾರದು.

ಮೊದಲ ತೊಡಕು ಅಕ್ಷರದ್ದು. ರೋಹಿಣಿ ನಕ್ಷತ್ರಕ್ಕೆ ಓ, ವಾ, ವೀ, ವೂ. ಆ್ಯಪ್ ಹುಡುಕುವುದು ಇಂಗ್ಲಿಷ್ ಅಕ್ಷರ ಹಿಡಿದು. 'ವಿ' ಒತ್ತಿದರೆ ವಿಕ್ಟರ್ ಸಿಗುತ್ತದೆ, ವಸೀಮ್ ಸಿಗುವುದಿಲ್ಲ. ಅದು 'ಡಬ್ಲ್ಯು' ಕೆಳಗಿರುತ್ತದೆ. ಎರಡನ್ನೂ ಒತ್ತಿ ನೋಡಬೇಕು. ಗಂಡು-ಹೆಣ್ಣಿನ ವಿಂಗಡಣೆಯೂ ಅಷ್ಟೇ: ನಿಕಿತಾ ನಮ್ಮಲ್ಲಿ ಹುಡುಗಿ, ರಷ್ಯಾದಲ್ಲಿ ಹುಡುಗ. ಸಿಖ್ಖರಲ್ಲಿ ಹರ್‌ಪ್ರೀತ್ ಇಬ್ಬರಿಗೂ ನಡೆಯುತ್ತದೆ, ಮುಂದೆ ಸಿಂಗ್ ಬಂತೋ ಕೌರ್ ಬಂತೋ ಅದರ ಮೇಲೆ ತಿಳಿಯಬೇಕು.

ಅರ್ಥವನ್ನಂತೂ ಕಣ್ಣುಮುಚ್ಚಿ ನಂಬಬೇಡಿ, ಅರಬ್ಬಿ ಹೆಸರಾದರೆ ಇನ್ನೂ ಎಚ್ಚರ ಬೇಕು. 'ಅಬ್ದುಲ್' ಒಂಟಿಯಾಗಿ ಅರ್ಧ ಹೆಸರು. 'ಇಂಥವನ ಸೇವಕ' ಎನ್ನುವ ಮಾತು ಅದು. ಮುಂದೆ ದೇವರ ಹೆಸರು ಬಂದು ಅಬ್ದುಲ್ ಕರೀಮ್, ಅಬ್ದುಲ್ ರಹಮಾನ್ ಎಂದಾದಾಗಲೇ ಪೂರ್ತಿ. ಅದೇ ರಹಮಾನ್ ಅಲ್ಲಾಹನಿಗೆ ಮಾತ್ರ ಸಲ್ಲುವ ಹೆಸರು, ಮಗುವಿಗೆ ಬರೇ ಅದನ್ನೇ ಇಡಬಾರದು ಎಂದು ಅನೇಕ ಮುಸ್ಲಿಂ ಹಿರಿಯರು ಹೇಳುತ್ತಾರೆ. ಪಟ್ಟಿಯಲ್ಲಿ ಇಂಥ ವಿವರಕ್ಕೆ ಜಾಗವಿಲ್ಲ. ಓಣಿಯಲ್ಲಿರುವ ಮುಸ್ಲಿಂ ಹಿರಿಯರನ್ನೇ ಕೇಳಿ, ಕ್ರೈಸ್ತ ಹೆಸರಾದರೆ ಚರ್ಚಿನ ಫಾದರ್‌ರನ್ನು ಕೇಳಿ. ಈ ಕೊಡುಕೊಳ್ಳುವಿಕೆ ನಮ್ಮ ಸೀಮೆಗೆ ಹೊಸದೇನಲ್ಲ. ಹಿಂದೂ ಮನೆಗಳಲ್ಲೇ ಫಕೀರಪ್ಪ, ಹುಸೇನಪ್ಪ ಇದ್ದಾರಲ್ಲ! ಹೊರಗಿನ ಹೆಸರಿಗೆ 'ಅಪ್ಪ' ಸೇರಿಸಿ ಮನೆಯದನ್ನಾಗಿ ಮಾಡಿಕೊಂಡ ಊರುಗಳಿವು.

ಆ್ಯಪ್ ತಿಳಿಸದ ಇನ್ನೊಂದು ಮಾತು ಬರವಣಿಗೆಯದು. 'ಜೋಯಾ' ಎಂದು ಕನ್ನಡದಲ್ಲಷ್ಟೇ ಬರೆದುಕೊಟ್ಟರೆ ಇಂಗ್ಲಿಷಿನಲ್ಲಿ 'ಝಡ್' ಬದಲು 'ಜೆ' ಬಿದ್ದೀತು. ಜನನ ನೋಂದಣಿಯ ಅರ್ಜಿಯಲ್ಲಿ ಎರಡೂ ಲಿಪಿಯಲ್ಲಿ ನೀವೇ ಬಿಡಿಸಿ ಬರೆಯಿರಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ, ಒಂದು ಅಕ್ಷರ ತಪ್ಪಿದರೂ ಮುಂದೆ ಓಡಾಟ.

ಆಸ್ಪತ್ರೆಯಲ್ಲೇ ಹೆಸರು ಹೇಳಿಬಿಡುವ ಅವಸರವೂ ಬೇಡ. 21 ದಿನದೊಳಗೆ ಆಗಬೇಕಾದದ್ದು ಜನನದ ನೋಂದಣಿ, ಅದು ಹೆಸರಿಲ್ಲದೆಯೂ ಆಗುತ್ತದೆ. ನೋಂದಣಿಯಾಗಿ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಅಷ್ಟರೊಳಗೆ ಆರಿಸಿದ ಹೆಸರನ್ನು ಅಜ್ಜ, ಅಜ್ಜಿ, ಸೋದರತ್ತೆಯ ಬಾಯಲ್ಲಿ ಜೋರಾಗಿ ಕರೆಸಿ ನೋಡಿ. ಜಾಫರ್ ಅವರ ಬಾಯಲ್ಲಿ ಜಾಪರ್ ಆಗುತ್ತಿದ್ದು ನಿಮಗದು ಹಿಡಿಸದಿದ್ದರೆ ಬೇರೆ ಹೆಸರು ನೋಡಲು ಇನ್ನೂ ಸಮಯವಿರುತ್ತದೆ. ಆ್ಯಪ್‌ಗೆ ಐದಕ್ಕೆ ಎರಡು ಅಂಕ, ಅದೂ ಪಟ್ಟಿಗಾಗಿ.