5 ಕೆಜಿ ಕೋಕೋಪೀಟ್ ಬ್ಲಾಕ್: ಕೊಳ್ಳಿ, ಆದರೆ ತೊಳೆಯದೆ ಕುಂಡಕ್ಕೆ ಹಾಕಬೇಡಿ

ಭರಣಿ ಮಳೆ ಎರಡು ಹದ ಬಿದ್ದರೆ ಸಾಕು, ಬೆಂಗಳೂರಿನ ತಾರಸಿಗಳಲ್ಲಿ ಕುಂಡಗಳ ಕೆಲಸ ಶುರುವಾಗುತ್ತದೆ. ದಾಸವಾಳಕ್ಕೆ ದೊಡ್ಡ ಕುಂಡ ಬೇಕು. ದೀಪಾವಳಿ ಹೊತ್ತಿಗೆ ಹೂ ಕೊಡಬೇಕಾದ ಸೇವಂತಿಗೆಗೆ ಈಗಲೇ ಬೇರು ಬರಿಸಬೇಕು. ಮೊಗ್ಗಿನಲ್ಲಿರುವ ಮಲ್ಲಿಗೆಗೆ ಬುಡದ ಆರೈಕೆ ಆಗಬೇಕು. ನರ್ಸರಿಗೆ ಹೋದರೆ ಮೂರಕ್ಕೂ ತೋರಿಸುವುದು ಒಂದೇ ಸಾಮಾನು, ಒತ್ತಿ ಒಣಗಿಸಿದ 5 ಕೆಜಿ ಕೋಕೋಪೀಟ್ ಬ್ಲಾಕ್. ಐದಕ್ಕೆ ಮೂರೂವರೆ ಅಂಕ ಧಾರಾಳವಾಗಿ ಕೊಡಬಹುದು. ಕಳೆದುಹೋದ ಒಂದೂವರೆ ಅಂಕ ಹೆಚ್ಚೂಕಡಿಮೆ ಉಪ್ಪಿನ ಲೆಕ್ಕಕ್ಕೆ.

ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವಾಗ ಉದುರುವ ಪುಡಿಯೇ ಇದು. ಒಂದು ಬ್ಲಾಕ್ 20ರಿಂದ 25 ಲೀಟರ್ ನೀರು ಕುಡಿದು ಸುಮಾರು 70 ಲೀಟರ್ ಪುಡಿಯಾಗಿ ಉಬ್ಬುತ್ತದೆ. 12 ಇಂಚಿನ ಕುಂಡಕ್ಕೆ ಐದು ಲೀಟರ್‌ನಂತೆ ಹಾಕಿದರೆ ಸುಮಾರು ಹದಿನಾಲ್ಕು ಕುಂಡಗಳಿಗೆ ಬರುತ್ತದೆ. ಬರೀ ಮಣ್ಣು ತುಂಬಿದ ಕುಂಡಕ್ಕಿಂತ ಭಾರ ಎಷ್ಟೋ ಕಡಿಮೆ, ಹಳೆಯ ತಾರಸಿಗೆ ಅದೇ ದೊಡ್ಡ ಉಪಕಾರ.

ಇನ್ನು ಉಪ್ಪು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಶಿಯಂ ಸಹಜವಾಗಿಯೇ ಜಾಸ್ತಿ. ಉಪ್ಪುನೀರಿನಲ್ಲಿ ನೆನೆಸಿದ ಸಿಪ್ಪೆಯಾದರಂತೂ ಹೇಳುವುದೇ ಬೇಡ. ತೊಳೆಯದೆ ಹಾಕಿದರೆ ಕೆಲವೇ ವಾರಗಳಲ್ಲಿ ಎಲೆಯ ತುದಿ, ಅಂಚು ಕಂದಾಗಿ ಸುಟ್ಟಂತಾಗುತ್ತದೆ. ನೀರು ಸಾಲದೆ ಹೀಗಾಯಿತೆಂದು ಮತ್ತಷ್ಟು ನೀರು ಸುರಿದು ಬೇರು ಕೊಳೆಸುವವರೇ ಹೆಚ್ಚು. ಕೊಳ್ಳುವಾಗ ಚೀಟಿಯ ಮೇಲೆ 'ಲೋ ಇಸಿ', ಅಂದರೆ ಉಪ್ಪು ಕಡಿಮೆ, ಎಂದಿದೆಯೇ ನೋಡಿ. ಇದ್ದರೂ ಒಮ್ಮೆ ತೊಳೆಯಿರಿ. ಇಲ್ಲದಿದ್ದರೆ ಮೂರು ಸಲ.

ತೊಳೆಯುವುದು ಕಷ್ಟವಲ್ಲ. ಬ್ಲಾಕನ್ನು ದೊಡ್ಡ ಟಬ್ಬಿನಲ್ಲಿಟ್ಟು ನೀರು ಹಾಕಿ, ಉಬ್ಬಿದ ಮೇಲೆ ಗಂಟುಗಳನ್ನು ಕೈಯಿಂದ ಒಡೆಯಿರಿ. ನಡುವಿನ ಉಂಡೆ ಒಣಗಿಯೇ ಉಳಿಯುತ್ತದೆ. ಹಳೆಯ ಪಂಚೆಗೆ ಸುರಿದು ಹಿಂಡಿ. ಮೊದಲ ನೀರು ಕಾಫಿ ಡಿಕಾಕ್ಷನ್ನಿನಂತೆ ಇಳಿಯುತ್ತದೆ, ಮೂರನೆಯದು ತೆಳು ಚಹಾದ ಬಣ್ಣ. ಆದರೆ ಬಣ್ಣ ತಿಳಿಯಾಯಿತೆಂದರೆ ಉಪ್ಪು ಹೋಯಿತೆಂದಲ್ಲ, ಬಣ್ಣ ಬಿಡುವುದು ಸಿಪ್ಪೆಯ ಒಗರು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಮನೆಯಲ್ಲಿದ್ದರೆ ಹಿಂಡಿದ ನೀರಿಗೆ ಅದ್ದಿ ನೋಡಿ: ನಲ್ಲಿ ನೀರಿಗಿಂತ ನೂರಿನ್ನೂರು ಹೆಚ್ಚಿದ್ದರೆ ಪರವಾಗಿಲ್ಲ, ಅದಕ್ಕೂ ಮೇಲಿದ್ದರೆ ಇನ್ನೊಮ್ಮೆ ತೊಳೆಯಿರಿ. ಕೊನೆಯ ನೀರಾದರೂ ಕಾವೇರಿಯದೋ ಮಳೆಯದೋ ಆಗಿರಲಿ. ಗಡಸು ಬೋರ್ ನೀರು ಇನ್ನಷ್ಟು ಲವಣ ಸೇರಿಸುತ್ತದೆ. ಅದೇ ನೀರನ್ನು ತಿಂಗಳುಗಟ್ಟಲೆ ಹಾಕುತ್ತಿದ್ದರೆ ಮಲ್ಲಿಗೆ ಚಿಗುರಿನಲ್ಲಿ ನರ ಹಸಿರು, ಉಳಿದ ಎಲೆ ಹಳದಿ, ಅಂದರೆ ಕಬ್ಬಿಣದ ಕೊರತೆ.

ತೊಳೆದಾದ ಮೇಲೂ ಈ ಪುಡಿ ಕ್ಯಾಲ್ಸಿಯಂ ಹೀರಿಕೊಂಡು ಗಿಡಕ್ಕೆ ಸಿಗದಂತೆ ಮಾಡುತ್ತದೆ. 20 ಲೀಟರ್ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒಮ್ಮೆ ತೊಳೆದರೆ ಆ ಚಿಂತೆ ತಪ್ಪುತ್ತದೆ.

ಬಳಕೆ ಗಿಡದಿಂದ ಗಿಡಕ್ಕೆ ಬೇರೆ. ದಾಸವಾಳಕ್ಕೆ ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ಸೇವಂತಿಗೆಯ ಮೂರಿಂಚಿನ ತುದಿ ತುಂಡುಗಳಿಗೆ ಎರಡು ಪಾಲು ಕೋಕೋಪೀಟ್, ಒಂದು ಪಾಲು ದಪ್ಪ ಮರಳು. ನೆರಳಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು. ಈ ಕೆಲಸದಲ್ಲಿ ಕೋಕೋಪೀಟಿಗೆ ಸಾಟಿಯೇ ಇಲ್ಲ, ಪೂರ್ತಿ ಐದು ಅಂಕ. ಮೊಗ್ಗು ತುಂಬಿದ ಮಲ್ಲಿಗೆಯ ಕುಂಡ ಮಾತ್ರ ಈಗ ಬದಲಿಸಬೇಡಿ, ಬೇರು ಅಲುಗಿದರೆ ಮೊಗ್ಗು ಉದುರುತ್ತದೆ. ಮೇಲಿನ ಒಂದಿಂಚು ಮಣ್ಣನ್ನು ಮೆಲ್ಲಗೆ ಕೆದಕಿ ತೆಗೆದು ಎರೆಗೊಬ್ಬರ ಹಾಕಿ, ಅದರ ಮೇಲೆ ಕೋಕೋಪೀಟ್ ಹೊದಿಸಿದರೆ ಸಾಕು. ಬೆಂಕಿಯ ಚೆಂಡಿನಂತೆ ಅರಳುವ ಮೇ ಹೂವಿನ ಗೆಡ್ಡೆಗೆ ಇದು ಬೇಡವೇ ಬೇಡ. ಗೆಡ್ಡೆಯ ಸುತ್ತ ತೇವ ನಿಂತು ಕೊಳೆಯುತ್ತದೆ.

ಬರೀ ಕೋಕೋಪೀಟಿನಲ್ಲೇ ಗಿಡ ಬೆಳೆಸಿ ಎನ್ನುವ ಮಾತು ನಂಬಬೇಡಿ. ಅದರಲ್ಲಿ ಹೇಳಿಕೊಳ್ಳುವಂಥ ಸಾರಜನಕವಿಲ್ಲ. ಮೇಲ್ಮೈ ಒಣಗಿದಂತೆ ಕಂಡರೂ ಎರಡಿಂಚು ಕೆಳಗೆ ಹಸಿ ಇರುತ್ತದೆ, ಹಾಗಾಗಿ ಬೆರಳು ಚುಚ್ಚಿ ನೋಡಿಯೇ ನೀರು ಹಾಕಿ. ಪೂರ್ತಿ ಒಣಗಿದರೆ ಇನ್ನೊಂದು ಪೇಚು: ಮಿಶ್ರಣ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ, ಹಾಕಿದ ನೀರೆಲ್ಲ ಆ ಸಂದಿಯಲ್ಲೇ ಇಳಿದು ಹೋಗುತ್ತದೆ, ಬೇರು ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು ಅರ್ಧ ಗಂಟೆ ನೀರು ತುಂಬಿದ ಬಕೆಟ್ಟಿನಲ್ಲಿ ಕೂರಿಸಿ, ಗುಳ್ಳೆ ನಿಂತ ಮೇಲೆ ಎತ್ತಿ ಬಸಿಯಲು ಬಿಡಿ.