ಹಳೆ ಕಾರು ಮಾರ್ತಿದ್ದೀರಾ? ಕೊಳ್ಳುವವರ ಫೋನ್ ನೋಡಿ ಚಾವಿ ಕೊಡಬೇಡಿ

ಕಲಬುರಗಿ, ಬೀದರ, ಯಾದಗಿರಿ ಕಡೆ ಯಾರಾದರೂ ಹಳೆ ಕಾರನ್ನು ನೇರವಾಗಿ ಮಾರಲು ಹೊರಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅಪ್ಪನ ಕಾರನ್ನು ಇಬ್ಬರು ಮೋಸ ಮಾಡಿ ತಗೊಂಡು ಹೋದರು. ಚಾವಿ, ಆರ್‌ಸಿ, ಸಹಿ ಮಾಡಿದ ಫಾರಂ ಎಲ್ಲವನ್ನೂ ಅಪ್ಪನ ಕೈಯಿಂದಲೇ ಇಸ್ಕೊಂಡು, ಚಹಾ ಕುಡಿದು, ಕಾಲಿಗೆ ನಮಸ್ಕಾರ ಮಾಡಿ ಹೋದರು.

2014ರ ಡೀಸೆಲ್ ಡಿಸೈರ್, ಕೆಎ-32 ನಂಬರ್. ಸೇಡಂ ರಸ್ತೆಯ ನಮ್ಮ ಮನೆ ಮುಂದೆಯೇ ಯಾವಾಗಲೂ ನಿಂತಿರುತ್ತಿತ್ತು. ಅಪ್ಪ ನಿವೃತ್ತ ಮಾಸ್ತರು, ಈಗ ಕಣ್ಣು ಮಂಜಾಗಿದೆ, ಓಡಿಸೋದು ಕಡಿಮೆ. ಫೋಟೋ ಹಾಕಿ ಜಾಹೀರಾತು ಕೊಟ್ಟೆವು. ಹುಮನಾಬಾದ್ ಕಡೆಯವರು ಅಂತ ಹೇಳಿಕೊಂಡ ಇಬ್ಬರು ಬಂದರು. ಬಾನೆಟ್ ತೆಗೆದು ನೋಡಿದರು, ರಿಂಗ್ ರೋಡಿನಲ್ಲಿ ಓಡಿಸಿದರು, ಟೈರ್ ಸವೆದಿದೆ ಅಂತ ಚೌಕಾಸಿ ಮಾಡಿದರು. ಕೊನೆಗೆ 3,40,000 ರೂಪಾಯಿಗೆ ಮಾತು ಮುಗೀತು. 10,000 ಸಂಚಕಾರವನ್ನು ಅಲ್ಲೇ ಫೋನ್‌ಪೇ ಮಾಡಿದರು. ಅದು ನಿಜವಾಗಿಯೂ ಬಂತು. ಈ ಹತ್ತು ಸಾವಿರದಿಂದಲೇ ಅವರು ನಂಬಿಕೆ ಕೊಂಡುಕೊಂಡರು ಅಂತ ಈಗ ಅನಿಸುತ್ತದೆ.

ಗಾಡಿ ಒಯ್ಯೋಕೆ ಅವರೇ ಆರಿಸಿಕೊಂಡ ದಿನ ಎರಡನೇ ಶನಿವಾರ, ಸಂಜೆ. ನಾನು ಕೆಲಸದ ಮೇಲೆ ಬೀದರಿನಲ್ಲಿದ್ದೆ. ಆ ಇಬ್ಬರು ಅಪ್ಪನ ಪಕ್ಕದಲ್ಲಿ ಕೂತು, ಅಪ್ಪನ ಖಾತೆ ನಂಬರ್, ಐಎಫ್‌ಎಸ್‌ಸಿ ಎಲ್ಲ ಕೇಳಿ ಕೇಳಿ ತುಂಬಿದರು. ಆಮೇಲೆ ಫೋನ್ ತಿರುಗಿಸಿ ತೋರಿಸಿದರು. ಹಸಿರು ಟಿಕ್ ಮಾರ್ಕ್, ಕೆಳಗೆ 3,30,000, ಅಪ್ಪನ ಹೆಸರು, ಒಂದು ರೆಫರೆನ್ಸ್ ನಂಬರ್. ಅದರ ಸ್ಕ್ರೀನ್‌ಶಾಟ್ ಕೂಡ ವಾಟ್ಸಾಪ್ ಮಾಡಿದರು. ಅಷ್ಟರಲ್ಲಿ ಅಪ್ಪನ ಫೋನಿಗೆ ಮೆಸೇಜು ಬಂತು: ನಿಮ್ಮ ಖಾತೆಗೆ ನೆಫ್ಟ್ (ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದುಡ್ಡು ಕಳಿಸೋ ವಿಧಾನ) ಬಂದಿದೆ, ಮುಂದಿನ ಕೆಲಸದ ದಿನ ಜಮಾ ಆಗುತ್ತದೆ.

"ರೊಕ್ಕ ಹೋಗ್ಯಾವ ನೋಡ್ರಿ ಕಾಕಾ. ಇವತ್ತ ಬ್ಯಾಂಕ್ ಬಂದ್, ಸೋಮವಾರ ಮುಂಜಾನಿ ನಿಮ್ಮ ಖಾತೇಕ ಬರ್ತಾವ. ಚಾವಿ ಕೊಡ್ರಿ, ಕತ್ತಲಾಗೋದ್ರೊಳಗ ಊರು ಮುಟ್ಟಬೇಕು."

ಸೋಮವಾರ ಏನೂ ಬರಲಿಲ್ಲ. ಎರಡೂ ನಂಬರ್ ಸ್ವಿಚ್ ಆಫ್. ನಾನು ಅಪ್ಪನನ್ನು ಕರಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿದ್ದ ಮೇಡಂ ಆ ಸ್ಕ್ರೀನ್‌ಶಾಟನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದರು. ಹಸಿರು ಟಿಕ್ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, 'ಶೆಡ್ಯೂಲ್ಡ್' ಅಂತ ಇತ್ತು. ಪಕ್ಕದಲ್ಲಿ ಸೋಮವಾರದ ತಾರೀಖು. ಅಂದರೆ ದುಡ್ಡು ಕಳಿಸಿರಲಿಲ್ಲ, ಸೋಮವಾರ ಕಳಿಸು ಅಂತ ಆ್ಯಪ್‌ಗೆ ಹೇಳಿಟ್ಟಿದ್ದರು ಅಷ್ಟೇ. ಅದಕ್ಕೂ ರೆಫರೆನ್ಸ್ ನಂಬರ್ ಬರುತ್ತದೆ. ಅದನ್ನು ನಡುವೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಅಪ್ಪನಿಗೆ ಬಂದ ಮೆಸೇಜು ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿತ್ತು. ಬ್ಯಾಂಕಿನ ಮೆಸೇಜು ಹಾಗೆ ಬರೋದಿಲ್ಲ, ಕಳಿಸಿದವರ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರಿರುತ್ತದೆ.

ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಲೇಬೇಕು. "ಬ್ಯಾಂಕ್ ರಜೆ, ಸೋಮವಾರ ಬರ್ತದೆ" ಅನ್ನೋದು ಈಗ ನಡೆಯೋ ಮಾತೇ ಅಲ್ಲ. ನೆಫ್ಟ್ 2019ರ ಡಿಸೆಂಬರ್‌ನಿಂದ, ದೊಡ್ಡ ಮೊತ್ತ ಕಳಿಸೋ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ, ಭಾನುವಾರ, ಹಬ್ಬ ಅನ್ನದೆ ನಡೆಯುತ್ತವೆ. ನೆಫ್ಟ್ ಅರ್ಧ ಗಂಟೆಗೊಂದು ಸರ್ತಿ ಹೋಗುತ್ತದೆ. ನಿಜವಾಗಿ ಕಳಿಸಿದ ದುಡ್ಡು ಶನಿವಾರ ರಾತ್ರಿಯೇ ಬಂದಿರುತ್ತಿತ್ತು. ಹಾಗೇ, ಯುಪಿಐನಲ್ಲಿ ಒಬ್ಬರು ಇನ್ನೊಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದವರೆಗೆ ಮಾತ್ರ ಕಳಿಸಬಹುದು. ಒಂದೇ ಸಲ ಮೂರು ಲಕ್ಷ ಫೋನ್‌ಪೇ ಮಾಡಿದೆ ಅಂತ ಯಾರಾದರೂ ತೋರಿಸಿದರೆ ಅಲ್ಲೇ ಮಾತು ನಿಲ್ಲಿಸಿ.

ಅಪ್ಪನಿಗೆ ಈಗಲೂ ನೆಂಟರು "ಓದಿದೋರು ನೀವು, ಹೆಂಗ ಕೊಟ್ರಿ?" ಅಂತ ಕೇಳುತ್ತಾರೆ. ಇದು ನನಗೆ ತುಂಬಾ ಸಿಟ್ಟು ತರಿಸುತ್ತದೆ. ಮೋಸ ಮಾಡಿದವರು ಅವರು. ಮನೆಗೆ ಬಂದವರನ್ನು ನಂಬಿದ್ದಕ್ಕೆ ಎಪ್ಪತ್ತರ ಹಿರಿಯರು ತಲೆ ತಗ್ಗಿಸಬೇಕಾಗಿಲ್ಲ.

ಹಾಗಾದರೆ ದುಡ್ಡು ಹೇಗೆ ತಗೋಬೇಕು? ನನ್ನ ಪ್ರಕಾರ ಬ್ಯಾಂಕ್ ತೆರೆದಿರುವ ದಿನ, ಬೆಳಿಗ್ಗೆ ಹೊತ್ತು, ನಿಮ್ಮ ಶಾಖೆಯಲ್ಲೇ ವ್ಯವಹಾರ ಮಾಡಿ. 2 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಅವರು ಆರ್‌ಟಿಜಿಎಸ್ ಮಾಡಲಿ, ಹೆಚ್ಚೆಂದರೆ ಅರ್ಧ ಗಂಟೆ. ಹಿಂದಿನ ದಿನವೇ ನಿಮ್ಮ ಖಾತೆ ಸೇರಿಸಿಕೊಂಡು ಒಂದು ರೂಪಾಯಿ ಕಳಿಸಿ ನೋಡಿ ಅಂತ ಹೇಳಿ. ಹೊಸ ಖಾತೆಗೆ ಮೊದಲ ದಿನ ಜಾಸ್ತಿ ದುಡ್ಡು ಹೋಗದ ಹಾಗೆ ಎಷ್ಟೋ ಬ್ಯಾಂಕುಗಳು ತಡೆ ಇಟ್ಟಿರುತ್ತವೆ, ಆಮೇಲೆ ಅದನ್ನೇ ನೆಪ ಮಾಡುತ್ತಾರೆ. ಬಂತಾ ಇಲ್ವಾ ಅನ್ನೋದನ್ನು ನಿಮ್ಮ ಫೋನಿನಲ್ಲಿ, ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು, ಬ್ಯಾಲೆನ್ಸಿನಲ್ಲಿ ನೋಡಿ. ಇಲ್ಲಾಂದ್ರೆ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಅಲ್ಲಿಯವರೆಗೆ ಚಾವಿ, ಆರ್‌ಸಿ, ಹೆಸರು ವರ್ಗಾವಣೆಯ ಫಾರಂ 29, ಫಾರಂ 30 ಎಲ್ಲ ನಿಮ್ಮ ಚೀಲದಲ್ಲೇ ಇರಲಿ. ನಮ್ಮ ಕಡೆ "ಅನುಮಾನ ಪಟ್ಟರೆ ಅವರಿಗೆ ಬೇಜಾರಾಗ್ತದೇನೋ" ಅನ್ನೋ ಸಂಕೋಚ ಜಾಸ್ತಿ. ನಿಜವಾಗಿ ಕೊಳ್ಳುವವರು ಅರ್ಧ ಗಂಟೆ ಬ್ಯಾಂಕಿನ ಬೆಂಚಿನ ಮೇಲೆ ಕೂತರೆ ಬೇಜಾರಾಗೋದಿಲ್ಲ.

ಚೆಕ್ ಕೊಟ್ಟರೆ ಅದು ಪಾಸಾಗುವವರೆಗೆ ಗಾಡಿ ಕೊಡಬೇಡಿ. ಡಿಡಿ ಕೂಡ ಹಾಗೇ. ನಕಲಿ ಡಿಡಿ ತಯಾರಿಸುವವರೂ ಇದ್ದಾರೆ. ನಗದು ಅಂದರೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ತಗೊಳ್ಳೋಕೆ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ತಗೊಂಡವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದು. ಒಂದೇ ವ್ಯವಹಾರವನ್ನು ಎರಡು ದಿನ ಮಾಡಿ ತಗೊಂಡರೂ ತಪ್ಪಿಸಿಕೊಳ್ಳೋಕೆ ಆಗಲ್ಲ.

ದುಡ್ಡು ಬಂದ ಮೇಲೂ ಒಂದು ಅಪಾಯ ಇದೆ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಯಾದಗಿರಿಯಲ್ಲಿರುವ ನಮ್ಮ ಕಾಕಾನ ಮಗ ಗಾಡಿ ಮಾರಿದ. ದುಡ್ಡು ಪೂರ್ತಿ ಬಂತು, ಆದರೆ ಬೇರೆ ಯಾರದೋ ಖಾತೆಯಿಂದ. "ನಮ್ಮ ದೋಸ್ತನ ಖಾತೆ ಅದ" ಅಂದಿದ್ದರು. ಕೆಲ ದಿನಕ್ಕೆ ಅವನ ಖಾತೆಯೇ ಫ್ರೀಜ್. ಬೇರೆ ರಾಜ್ಯದಲ್ಲಿ ಯಾರಿಗೋ ಸೈಬರ್ ಮೋಸ ಮಾಡಿ ಎತ್ತಿದ ದುಡ್ಡು ಅದು. ಪೊಲೀಸರು ಆ ದುಡ್ಡಿನ ಬೆನ್ನು ಹತ್ತಿ ಬಂದಾಗ ಸಿಕ್ಕಿದ್ದು ಇವನ ಖಾತೆ. ಅವನ ಸಂಬಳ ಬರೋದೂ ಅದೇ ಖಾತೆಗೆ, ಮನೆ ನಡೆಸೋದೇ ಕಷ್ಟವಾಯಿತು. ಹಾಗಾಗಿ ಯಾರ ಹೆಸರಿಗೆ ಗಾಡಿ ಹೋಗುತ್ತದೋ ಅವರ ಖಾತೆಯಿಂದಲೇ ದುಡ್ಡು ಬರಬೇಕು ಅಂತ ಮೊದಲೇ ಹೇಳಿಬಿಡಿ. ಗಾಡಿ ಕೊಡುವಾಗ ತಾರೀಖು, ಸಮಯ, ಮೊತ್ತ, ಯುಟಿಆರ್ ನಂಬರ್ (ದುಡ್ಡು ಕಳಿಸಿದ್ದಕ್ಕೆ ಬ್ಯಾಂಕ್ ಕೊಡೋ ಗುರುತಿನ ಸಂಖ್ಯೆ) ಬರೆದು, ಇಬ್ಬರೂ ಸಹಿ ಮಾಡಿದ ಕಾಗದ ಒಂದು ನಿಮ್ಮ ಹತ್ತಿರ ಇರಲಿ.

ದುಡ್ಡು ಕೈಗೆ ಬಂತು ಅಂತ ಹೆಸರು ವರ್ಗಾವಣೆಯನ್ನು ಅವರ ಮೇಲೆ ಬಿಟ್ಟು ಸುಮ್ನೆ ಕೂರಬೇಡಿ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಿದವರೇ ಆರ್‌ಟಿಓಗೆ ತಿಳಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅಪ್ಪನಿಗೆ ರಾತ್ರಿ ನಿದ್ದೆ ಬರದೇ ಇದ್ದದ್ದು ಹೆಚ್ಚಾಗಿ ಇದೇ ಭಯಕ್ಕೆ. ಆ ಗಾಡಿ ಯಾರಿಗಾದರೂ ಗುದ್ದಿದರೆ ಏನು ಗತಿ ಅಂತ.

ಈಗಾಗಲೇ ಯಾರಿಗಾದರೂ ಹೀಗಾಗಿದ್ದರೆ: ಅವರು ಕಳಿಸಿದ ಒಂದು ಮೆಸೇಜನ್ನೂ ಅಳಿಸಬೇಡಿ. ಠಾಣೆಗೆ ಹೋದಾಗ "ಇದು ನಿಮ್ಮಿಬ್ಬರ ವ್ಯವಹಾರ, ಕೋರ್ಟಿಗೆ ಹೋಗ್ರಿ" ಅಂತ ಮೊದಲು ಹೇಳಬಹುದು. ಶೆಡ್ಯೂಲ್ ಮಾಡಿ ರದ್ದು ಮಾಡಿದ್ದನ್ನು, ಸುಳ್ಳು ಮೆಸೇಜು ಕಳಿಸಿದ್ದನ್ನು ಬರಹದಲ್ಲಿ ಕೊಟ್ಟು ವಂಚನೆ ಅಂತಲೇ ಎಫ್‌ಐಆರ್ ಮಾಡಿಸಿ. ಆನ್‌ಲೈನ್ ಮೋಸಕ್ಕೆ 1930 ಸಹಾಯವಾಣಿ ಇದೆ, ಆದರೆ ಇಲ್ಲಿ ಹೋಗಿದ್ದು ಗಾಡಿ, ಹಾಗಾಗಿ ಠಾಣೆಯ ಎಫ್‌ಐಆರ್ ಬೇಕೇ ಬೇಕು. ಅದರ ಪ್ರತಿ ಜೊತೆ ಆರ್‌ಟಿಓಗೆ ಅರ್ಜಿ ಕೊಟ್ಟು, ಈ ಗಾಡಿಯ ವರ್ಗಾವಣೆ ತಡೆಹಿಡಿಯಿರಿ ಅಂತ ಕೇಳಿ, ಸ್ವೀಕೃತಿ ಹಾಕಿಸಿಕೊಳ್ಳಿ. ವಿಮೆ ಕಂಪನಿಗೂ ಬರೆಯಿರಿ. ಫಾಸ್ಟ್ಯಾಗ್ ಮಾತ್ರ ಗಡಿಬಿಡಿಯಲ್ಲಿ ಬಂದ್ ಮಾಡಬೇಡಿ, ಮೊದಲು ಪೊಲೀಸರಿಗೆ ಹೇಳಿ. ನಮ್ಮ ಗಾಡಿ ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದಿದ್ದು ಗೊತ್ತಾಗಿದ್ದೇ ಅಪ್ಪನ ಫೋನಿಗೆ ಬಂದ ಟೋಲ್ ಮೆಸೇಜಿನಿಂದ. ಅದೇ ಎಳೆ ಹಿಡಿದು ಜಹೀರಾಬಾದ್ ಕಡೆ ಗಾಡಿ ಸಿಕ್ಕಿತು, ಅದನ್ನು ಕೊಂಡ ಇನ್ನೊಬ್ಬ ಮನುಷ್ಯನ ಹತ್ತಿರ. ಅವನೂ ದುಡ್ಡು ಕೊಟ್ಟೇ ಕೊಂಡಿದ್ದಾನೆ. ಈಗ ಗಾಡಿ ಠಾಣೆ ಅಂಗಳದಲ್ಲಿ ನಿಂತಿದೆ, ಬಿಡಿಸಿಕೊಳ್ಳೋಕೆ ಕೋರ್ಟಿಗೆ ಅರ್ಜಿ ಹಾಕಿದ್ದೇವೆ. ಆ ಇಬ್ಬರು ಇನ್ನೂ ಸಿಕ್ಕಿಲ್ಲ.